ಒಗಟು ಬೇರೆ, ತೂತು ಬೇರೆ

2012ರ ಜೂನ್ ತಿಂಗಳ ಒಂದು ಶನಿವಾರ ರಾತ್ರಿ. ಸೆಕೆಂಡ್ ಶೋ ಮುಗಿಸಿ, ಮೂಗಿನ ಮೇಲೆ ತ್ರೀಡಿ ಕನ್ನಡಕದ ಗುರುತು ಹೊತ್ತುಕೊಂಡು ನಾನೂ ನನ್ನ ರೂಮ್‌ಮೇಟೂ ಬೈಕಿನಲ್ಲಿ ಮನೆಗೆ ಬರ್ತಿದ್ವಿ. ಗಾಡಿ ಓಡಿಸ್ತಿದ್ದ ಅವನು ಪ್ರತಿ ಸಿಗ್ನಲ್ಲಿನಲ್ಲೂ ಒಂದೊಂದು ಸಲ "ಏನ್ ವಿಶುವಲ್ಸ್ ಗುರೂ!" ಅಂತಿದ್ದ. ಹಿಂದೆ ಕೂತ ನಾನು ಪ್ರತಿ ಸಿಗ್ನಲ್ಲಿನಲ್ಲೂ ಒಂದೊಂದು ಪ್ರಶ್ನೆ ಕೇಳ್ತಿದ್ದೆ. "ಅಲ್ಲಾ ಕಣೋ, ಮ್ಯಾಪ್ ಮಾಡಿದವನೇ ದಾರಿ ತಪ್ಪಿಸ್ಕೊಳ್ಳೋದು ಹೇಗೆ?" ಮೂರನೇ ಸಿಗ್ನಲ್ಲಿಗೆ ಅವನ ತಾಳ್ಮೆ ಮುಗೀತು. "ನಿನ್ ಜೊತೆ ಸಿನಿಮಾಕ್ಕೆ ಬರೋದೂ ಒಂದೇ, ಶನಿವಾರ ಆಫೀಸಿಗೆ ಹೋಗೋದೂ ಒಂದೇ. ತಲೆ ಮನೇಲಿಟ್ಟು ಬರೋಕಾಗಲ್ವಾ ನಿಂಗೆ?"

ಅವನ ಮಾತಲ್ಲಿ ಸತ್ಯ ಇಲ್ಲದೇ ಇರಲಿಲ್ಲ. ನಾನು ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬೆವರು ಸುರಿಸಿ ಕಟ್ಟಿದ್ದರಲ್ಲಿ ತೂತು ಎಲ್ಲಿದೆ ಅಂತ ಹುಡುಕೋದಕ್ಕೇ ನನಗೆ ಸಂಬಳ. ಆದರೂ ಆ ಮಾತು ಚುಚ್ಚಿತು. ಒಂದು ಸಿನಿಮಾವನ್ನು ನೆಮ್ಮದಿಯಾಗಿ ನೋಡಿ ಖುಷಿಪಡೋಕೂ ಬರದ ಮನುಷ್ಯ ಆಗ್ಬಿಟ್ನಾ ನಾನು? ಈ ಅನುಮಾನ ತೀರಿಸಿಕೊಳ್ಳೋಕೆ ಅಂತಲೇ ಅದೇ ಸಿನಿಮಾವನ್ನ ಆಮೇಲೆ ನಾಲ್ಕು ಸಲ ನೋಡಿದೀನಿ. ರಿಡ್ಲಿ ಸ್ಕಾಟ್ ನಿರ್ದೇಶನದ 'ಪ್ರೊಮೀಥಿಯಸ್'. ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿಸಿ. ಮುಂದೆ ಕಥೆಯನ್ನ ಪೂರ್ತಿ ಬಿಚ್ಚಿಡ್ತೀನಿ.

ಮೊದಲು ಹೊಗಳಿಬಿಡ್ತೀನಿ, ಯಾಕೆಂದ್ರೆ ಈ ಸಿನಿಮಾಕ್ಕೆ ಅದು ಸಲ್ಲಬೇಕು. ಮೊದಲ ಕೆಲವು ನಿಮಿಷ ಒಂದೇ ಒಂದು ಮಾತಿಲ್ಲ. ಮನುಷ್ಯರ ಸುಳಿವೇ ಇಲ್ಲದ ನೆಲ, ಬೂದುಬಣ್ಣದ ಆಕಾಶ, ಭೋರ್ಗರೆಯೋ ಜಲಪಾತ. ಅದು ಐಸ್‌ಲೆಂಡಿನ ಡೆಟ್ಟಿಫಾಸ್. ಅದರ ಅಂಚಿನಲ್ಲಿ ಬೆಳ್ಳಗಿನ, ದೈತ್ಯಾಕಾರದ ಒಂದು ಜೀವಿ ನಿಂತು ಏನೋ ಕಪ್ಪು ದ್ರವ ಕುಡಿಯುತ್ತೆ. ಅದರ ಮೈ ಒಡೆದು, ಪುಡಿಪುಡಿಯಾಗಿ ನೀರಿಗೆ ಬೀಳುತ್ತೆ. ಆ ನೀರಲ್ಲೇ ಹೊಸ ಜೀವಕೋಶಗಳು ಹುಟ್ಟೋಕೆ ಶುರುವಾಗುತ್ತೆ. ಯಾರೂ ಏನೂ ವಿವರಿಸಲ್ಲ, ವಿವರಿಸಬೇಕಾಗೂ ಇಲ್ಲ. ಆಮೇಲೆ ಬರೋ ಆ ನಕ್ಷತ್ರಗಳ ನಕ್ಷೆ! ಕತ್ತಲ ಕೋಣೆ ತುಂಬ ಗ್ರಹಗಳು ತೇಲ್ತಿರುವಾಗ ಡೇವಿಡ್ ಅನ್ನೋ ರೋಬೋ ನಮ್ಮ ಭೂಮಿಯನ್ನ ಎರಡೂ ಕೈಯಲ್ಲಿ ಹಿಡಿದು ಮಗುವಿನ ಹಾಗೆ ನೋಡ್ತಾನೆ. ನಾಲ್ಕೂ ಸಲ ನನಗೆ ಮೈ ಜುಮ್ಮೆಂದಿದೆ. ವಿಶುವಲ್ ಎಫೆಕ್ಟ್ಸ್‌ಗೆ ಆಸ್ಕರ್ ನಾಮಿನೇಷನ್ ಸುಮ್ಮನೆ ಸಿಗಲಿಲ್ಲ. ಆ ವರ್ಷ ಎದುರಿಗೆ 'ಲೈಫ್ ಆಫ್ ಪೈ' ಇತ್ತು, ಪ್ರಶಸ್ತಿ ಅದರ ಪಾಲಾಯ್ತು ಅಷ್ಟೆ.

ಕಥೆ ಇಷ್ಟು. ಭೂಮಿಯ ಬೇರೆಬೇರೆ ಕಡೆ, ಒಂದಕ್ಕೊಂದು ಸಂಬಂಧವೇ ಇರದ ಪುರಾತನ ನಾಗರಿಕತೆಗಳ ಚಿತ್ರಗಳಲ್ಲಿ ಒಂದೇ ನಕ್ಷತ್ರಪುಂಜ ಕಾಣಿಸುತ್ತೆ. ಕೊನೆಯದು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗುಹೆಯಲ್ಲಿ ಸಿಕ್ಕ, 35,000 ವರ್ಷ ಹಳೆಯ ಚಿತ್ರ. ಎಲಿಜಬೆತ್ ಶಾ (ನೂಮಿ ರಾಪಾಸ್) ಮತ್ತು ಅವಳ ಗೆಳೆಯ ಹಾಲೊವೇ ಅದನ್ನ ನಮ್ಮನ್ನ ಸೃಷ್ಟಿಸಿದವರ ಆಹ್ವಾನಪತ್ರಿಕೆ ಅಂತ ಓದ್ಕೋತಾರೆ. ಆ ಸೃಷ್ಟಿಕರ್ತರಿಗೆ 'ಎಂಜಿನಿಯರ್‌'ಗಳು ಅಂತ ಹೆಸರಿಡ್ತಾರೆ. ಈ ಹೆಸರು ಕೇಳಿ ನಮ್ಮ ಥಿಯೇಟರಿನ ಹಿಂದಿನ ಸಾಲಿನವರು ನಕ್ಕಿದ್ದು ಇನ್ನೂ ನೆನಪಿದೆ. ಮುದುಕ ಕೋಟ್ಯಧಿಪತಿ ವೇಲ್ಯಾಂಡ್ (ಗೈ ಪಿಯರ್ಸ್) ದುಡ್ಡು ಹಾಕ್ತಾನೆ. 17 ಜನರ ಹಡಗು ಎರಡು ವರ್ಷಕ್ಕೂ ಹೆಚ್ಚು ಕಾಲ ಹಾರಿ, 2093ರ ಡಿಸೆಂಬರಿನಲ್ಲಿ ಎಲ್‌ವಿ-223 ಅನ್ನೋ ಜಾಗ ಮುಟ್ಟುತ್ತೆ. ಅಲ್ಲಿಂದ ಎಲ್ಲ ಎಡವಟ್ಟು.

ಈಗ ನನ್ನ ಬಗ್ ಲಿಸ್ಟು. ಹೆದರಬೇಡಿ, ಪೂರ್ತಿ ಓದಲ್ಲ. ಕೆಲವನ್ನ ನಾನೇ ಕ್ಲೋಸ್ ಮಾಡಿದೀನಿ. ಉದಾಹರಣೆಗೆ, ಭೂಮಿಯಿಂದ 50 ಕೋಟಿ ಮೈಲಿ ದೂರ ಬಂದಿದೀವಿ ಅಂತ ವಿಕರ್ಸ್ (ಚಾರ್ಲೀಜ್ ಥೆರಾನ್) ಒಂದು ಕಡೆ ಹೇಳ್ತಾಳೆ. ಅಂದ್ರೆ ಸುಮಾರು 80 ಕೋಟಿ ಕಿಲೋಮೀಟರ್. ಸೂರ್ಯನಿಂದ ಗುರುಗ್ರಹವೇ ಸುಮಾರು 78 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಸೂರ್ಯನನ್ನ ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರಕ್ಕೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. ಎರಡು ವರ್ಷ ಮಲಗಿ ಹೋದವರು ಲೆಕ್ಕದ ಪ್ರಕಾರ ನಮ್ಮ ಸೌರವ್ಯೂಹದ ಆಚೆಗೂ ಕಾಲಿಟ್ಟಿಲ್ಲ. ಇರಲಿ ಬಿಡಿ, ಇದು ಬಾಯ್ತಪ್ಪು. ಆ ಒಂದು ಸಾಲು ತೆಗೆದುಹಾಕಿದ್ರೆ ಕಥೆಯ ಒಂದು ಕೂದಲೂ ಕೊಂಕಲ್ಲ.

ತೂತು ಅಂತ ನಾನು ಕರೆಯೋದು ಇಂಥದ್ದನ್ನಲ್ಲ. ಫೈಫೀಲ್ಡ್ ಭೂವಿಜ್ಞಾನಿ. ಹಾರಾಡೋ ಯಂತ್ರಗಳನ್ನ ಬಿಟ್ಟು ಸುರಂಗಗಳ ಮ್ಯಾಪ್ ಮಾಡಿಸೋದು ಅವನದೇ ಕೆಲಸ. ಹಡಗಿನಲ್ಲಿ ಆ ಮ್ಯಾಪ್ ಮೂರು ಆಯಾಮದಲ್ಲಿ ಮಿನುಗ್ತಾ ಇದೆ, ಯಾರು ಎಲ್ಲಿದಾರೆ ಅಂತಲೂ ಅದರಲ್ಲಿ ಕಾಣುತ್ತೆ, ರೇಡಿಯೋ ಕೂಡ ನಡೀತಿದೆ. ಎಲ್ಲರಿಗಿಂತ ಮೊದಲು ವಾಪಸ್ ಹೊರಟವನೇ ದಾರಿ ತಪ್ಪಿಸ್ಕೋತಾನೆ. "ಎಡಕ್ಕೆ ತಿರುಗೋ ಮಾರಾಯ" ಅಂತ ಹಡಗಿನಿಂದ ಹೇಳೋರು ಒಬ್ಬರೂ ಇಲ್ಲ. ಅವನ ಜೊತೆಗಾರ ಮಿಲ್ಬರ್ನ್ ಜೀವವಿಜ್ಞಾನಿ. ಎರಡು ಸಾವಿರ ವರ್ಷ ಹಿಂದೆ ಸತ್ತ ಎಂಜಿನಿಯರ್‌ನ ಹೆಣ ನೋಡಿ ಬೆವರಿ ಓಡಿದವನು, ಕಪ್ಪು ನೀರಿಂದ ಹೆಡೆ ಎತ್ತಿದ ಜೀವಂತ ಹಾವಿನಂಥದ್ದನ್ನ ಕಂಡ ಕೂಡಲೇ ಬೆಕ್ಕಿನ ಮರಿಯನ್ನ ಮುದ್ದಿಸೋ ಹಾಗೆ ಕೈ ಚಾಚ್ತಾನೆ. ನಮ್ಮೂರಲ್ಲಿ ಎರಡನೇ ಕ್ಲಾಸಿನ ಹುಡುಗರೂ ಇದಕ್ಕಿಂತ ಹುಷಾರು. ಅತ್ತ ಗುಹೆಯೊಳಗೆ ಏನೋ ಜೀವ ಚಲಿಸ್ತಿದೆ ಅಂತ ಯಂತ್ರ ತೋರಿಸಿದ ಮೇಲೂ ಕ್ಯಾಪ್ಟನ್ ಜ್ಯಾನೆಕ್ (ಇಡ್ರಿಸ್ ಎಲ್ಬಾ) ಕುರ್ಚಿ ಬಿಟ್ಟು ವಿಕರ್ಸ್ ಕೋಣೆಗೆ ನಡೀತಾನೆ.

ಇನ್ನು ಹಾಲೊವೇ. ಗಾಳಿ ಉಸಿರಾಡಬಹುದು ಅಂತ ಗೊತ್ತಾದ ಕೂಡಲೇ ಹೆಲ್ಮೆಟ್ ತೆಗೀತಾನೆ. ರೋಗಾಣುಗಳ ಬಗ್ಗೆ ಅವನಿಗೆ ಯೋಚನೆಯೇ ಇಲ್ಲ. ಇದಕ್ಕಿಂತ ನನಗೆ ಹೊಟ್ಟೆ ಉರಿದದ್ದು ಅವತ್ತೇ ರಾತ್ರಿ ಅವನು ಬಾಟಲಿ ಹಿಡಿದು ಕೂರೋದು ನೋಡಿ. ಮನುಷ್ಯಕುಲದ ಇತಿಹಾಸದಲ್ಲೇ ಮೊದಲ ಬಾರಿಗೆ ಬೇರೆ ನಾಗರಿಕತೆಯೊಂದರ ಕಟ್ಟಡ, ಬರಹ, ಹೆಣ ಎಲ್ಲವೂ ಸಿಕ್ಕಿದೆ. ಇವನಿಗೆ ಬೇಜಾರು, ಯಾಕೆಂದ್ರೆ ಎಲ್ಲರೂ ಸತ್ತಿದಾರೆ, ಮಾತಾಡೋಕೆ ಯಾರೂ ಸಿಗಲಿಲ್ಲ. ಅಲ್ಲಯ್ಯಾ, ನೀನು ಪುರಾತತ್ವಶಾಸ್ತ್ರಜ್ಞ! ಸತ್ತವರ ಜೊತೆ ಮಾತಾಡೋದೇ ನಿನ್ನ ಕಸುಬು. ಹಂಪಿಗೆ ಹೋಗಿ, ಕೃಷ್ಣದೇವರಾಯ ಮನೇಲಿರಲಿಲ್ಲ ಅಂತ ಮುನಿಸಿಕೊಂಡು ವಾಪಸ್ ಬರೋರು ಯಾರಾದ್ರೂ ಇದಾರಾ?

ಎಲ್ಲದಕ್ಕಿಂತ ದೊಡ್ಡ ತೂತು ಶಸ್ತ್ರಚಿಕಿತ್ಸೆ ಆದ ಮೇಲಿನದು. ಶಾ ತನ್ನ ಹೊಟ್ಟೆಯೊಳಗೆ ಬೆಳೀತಿರೋ ಪ್ರಾಣಿಯನ್ನ ತಾನೇ ಯಂತ್ರದೊಳಗೆ ಮಲಗಿ ಕೊಯ್ದು ತೆಗೆಸ್ಕೋತಾಳೆ. ಸಿನಿಮಾದ ಅತ್ಯಂತ ಭಯಂಕರ ದೃಶ್ಯ ಅದು, ಥಿಯೇಟರಿನಲ್ಲಿ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಹೊಟ್ಟೆಗೆ ಸ್ಟೇಪಲ್ ಹೊಡೆಸಿಕೊಂಡು, ರಕ್ತ ಮೆತ್ತಿದ ಮೈಯಲ್ಲಿ ತೂರಾಡ್ತಾ ಬಂದು ವೇಲ್ಯಾಂಡ್ ಇರೋ ಕೋಣೆಯೊಳಗೆ ಬೀಳ್ತಾಳೆ. "ಏನಮ್ಮಾ ಇದು, ಏನಾಯ್ತು?" ಅಂತ ಗಾಬರಿಯಿಂದ ಕೇಳೋರೇ ಇಲ್ಲ. ಅವಳೂ "ಆ ಕೋಣೇಲಿ ಒಂದು ಪ್ರಾಣಿ ಇದೆ, ಬಾಗಿಲು ತೆಗೀಬೇಡಿ" ಅನ್ನಲ್ಲ. ಎಲ್ಲರೂ ಎಂಜಿನಿಯರ್‌ನ ಎಬ್ಬಿಸೋಕೆ ಹೊರಡೋ ಗಡಿಬಿಡಿಯಲ್ಲಿದಾರೆ, ಇವಳೂ ಸೂಟ್ ಹಾಕ್ಕೊಂಡು ಹೊರಡ್ತಾಳೆ.

ಇವೆಲ್ಲದರಲ್ಲಿ ಒಂದು ಸಮಾನ ಅಂಶ ಇದೆ, ಮೂರನೇ ಸಲ ನೋಡುವಾಗ ನನಗೆ ಹೊಳೆದದ್ದು. ಪರದೆ ಮೇಲೆ ಉತ್ತರ ಇಲ್ಲ ಅನ್ನೋದು ನನ್ನ ತಕರಾರಲ್ಲ. ಆ ಜಾಗದಲ್ಲಿ ನಿಂತ ಯಾರೇ ಆದರೂ ಕೇಳಲೇಬೇಕಾದ ಪ್ರಶ್ನೆಯನ್ನ ಪಾತ್ರಗಳು ಕೇಳೋದೇ ಇಲ್ಲ. ಅವರು ಕೇಳದ ಪ್ರಶ್ನೆಯನ್ನ ನಾವು ಕೇಳ್ತೀವಿ. ಪಾತ್ರ ಕೇಳಿ ಉತ್ತರ ಸಿಗದೇ ಹೋದ್ರೆ ಅದು ಒಗಟು. ಪಾತ್ರ ಕೇಳದೇ ಪ್ರೇಕ್ಷಕ ಮಾತ್ರ ಕೇಳಬೇಕಾಗಿ ಬಂದ್ರೆ ಅದು ತೂತು.

ಈ ವ್ಯತ್ಯಾಸ ಇದೇ ರಿಡ್ಲಿ ಸ್ಕಾಟ್‌ಗೆ ಒಂದು ಕಾಲಕ್ಕೆ ಚೆನ್ನಾಗಿ ಗೊತ್ತಿತ್ತು. 1979ರ 'ಏಲಿಯನ್' ತಗೊಳ್ಳಿ. ಅದರಲ್ಲಿ ವಿಜ್ಞಾನಿಗಳ ದಂಡೇನಿಲ್ಲ, ಸರಕು ಸಾಗಿಸೋ ಹಡಗಿನ ಕೆಲಸಗಾರರು ಅವರು. ಒಬ್ಬನ ಮುಖಕ್ಕೆ ಏನೋ ಪ್ರಾಣಿ ಅಂಟಿಕೊಂಡಿದೆ, ಒಳಗೆ ಬಿಡಿ ಅಂತ ಹೊರಗೆ ನಿಂತವರು ಗೋಗರೀತಾರೆ. ರಿಪ್ಲಿ ಬಿಡಲ್ಲ. ಕ್ವಾರಂಟೈನ್ ನಿಯಮ ಇದೆ, ಒಳಗೆ ಬಿಟ್ಟರೆ ಎಲ್ಲರೂ ಸಾಯಬಹುದು ಅಂತಾಳೆ. ನಮ್ಮ ಮನಸ್ಸಲ್ಲಿದ್ದ ಪ್ರಶ್ನೆ ಅವಳ ಬಾಯಲ್ಲಿ ಬಂತು! ಆದರೂ ಆಶ್ ಅನ್ನೋನು ಬಾಗಿಲು ತೆಗೀತಾನೆ. ಹಡಗಿನ ವಿಜ್ಞಾನಿಯೇ ನಿಯಮ ಮುರಿದದ್ದು ಯಾಕೆ ಅಂತ ರಿಪ್ಲಿ ಅವನನ್ನ ನೇರವಾಗಿ ಕೇಳ್ತಾಳೆ. ಆಮೇಲೆ ಗೊತ್ತಾಗುತ್ತೆ, ಆಶ್ ಮನುಷ್ಯನೇ ಅಲ್ಲ. ಅವನಿಗೆ ಕಂಪನಿಯಿಂದ ಬೇರೆಯೇ ಆರ್ಡರ್ ಇತ್ತು. ತೂತು ಅಂತ ಅಂದ್ಕೊಂಡಿದ್ದು ಕಥೆಯ ಬೀಗದ ಕೈ ಆಗಿತ್ತು. 33 ವರ್ಷ ಆದಮೇಲೆ ಅದೇ ನಿರ್ದೇಶಕ, ನೂರುಪಟ್ಟು ತಂತ್ರಜ್ಞಾನ, ಹಡಗು ತುಂಬ ಪರಿಣತರು. ಆದರೆ ಒಬ್ಬ ರಿಪ್ಲಿ ಇಲ್ಲ.

ನ್ಯಾಯ ಅಂದ್ರೆ ನ್ಯಾಯ. 'ಪ್ರೊಮೀಥಿಯಸ್'ನಲ್ಲೂ ತೂತಿನ ಥರ ಕಂಡು ಆಮೇಲೆ ಸುಳಿವು ಅಂತ ಗೊತ್ತಾಗೋ ಜಾಗಗಳಿವೆ. ಶಾ ಯಂತ್ರಕ್ಕೆ ಓಡಿ ಹೋದಾಗ, ಇದು ಗಂಡಸರಿಗೆ ಮಾತ್ರ ಚಿಕಿತ್ಸೆ ಕೊಡುತ್ತೆ ಅಂತ ಅದು ಹೇಳುತ್ತೆ. ವಿಕರ್ಸ್‌ಳ ಕೋಣೇಲಿ ಗಂಡಸರ ಯಂತ್ರ ಯಾಕಿದೆ? "ಬರೆದವರ ಮಂಡೆಪೆಟ್ಟು" ಅಂತ ಮೊದಲ ಸಲ ನಾನೂ ನಕ್ಕಿದ್ದೆ. ಅದು ವೇಲ್ಯಾಂಡ್‌ಗೋಸ್ಕರ ಇಟ್ಟಿದ್ದು. ಸತ್ತಿದಾನೆ ಅಂತ ಎಲ್ಲರೂ ನಂಬಿದ್ದ ಮುದುಕ ಹಡಗಿನಲ್ಲೇ ಮಲಗಿದಾನೆ ಅನ್ನೋದರ ಸುಳಿವು ಅದು. ಡೇವಿಡ್ ಹಾಲೊವೇಗೆ ಕಪ್ಪು ದ್ರವ ಕುಡಿಸೋದೂ ಹಾಗೇ. ಅದಕ್ಕೆ ಮುಂಚೆ ಅವನು ಯಾರ ಜೊತೆಗೋ ಗುಟ್ಟಾಗಿ ಮಾತಾಡಿರ್ತಾನೆ, ಇನ್ನೂ ಪ್ರಯತ್ನ ಮಾಡು ಅನ್ನೋ ಆದೇಶ ಅವನಿಗೆ ಬಂದಿರುತ್ತೆ. ಈ ಎರಡೂ ಬಗ್ಗುಗಳನ್ನ ನಾನು ಕ್ಷಮೆ ಕೇಳಿ ಕ್ಲೋಸ್ ಮಾಡಿದೀನಿ. ತೂತು ಹುಡುಕೋರಿಗೆ ಇಷ್ಟು ಪ್ರಾಮಾಣಿಕತೆ ಬೇಕು. ಇಲ್ಲದಿದ್ರೆ ನಾವು ವಿಮರ್ಶಕರಲ್ಲ, ಮದುವೆ ಊಟದಲ್ಲಿ ಉಪ್ಪು ಕಮ್ಮಿ ಅನ್ನೋ ಬೀಗರು.

ಇನ್ನೊಂದು ತೂತನ್ನ ಮಾತ್ರ ಕನ್ನಡದವನಾಗಿ ಹೇಳಲೇಬೇಕು. ಎಲ್ಲರೂ ಮಲಗಿರುವಾಗ ಡೇವಿಡ್ ಒಬ್ಬನೇ ಎದ್ದಿರ್ತಾನೆ. ಸೈಕಲ್ ಹೊಡೀತಾ ಬ್ಯಾಸ್ಕೆಟ್‌ಬಾಲ್ ಆಡ್ತಾನೆ, 'ಲಾರೆನ್ಸ್ ಆಫ್ ಅರೇಬಿಯಾ' ನೋಡಿ ಕೂದಲಿಗೆ ಅದೇ ಬಣ್ಣ ಹಚ್ಕೋತಾನೆ, ಜೊತೆಗೆ ಒಂದು ಭಾಷೆ ಕಲೀತಾನೆ. ಅದು ಮೂಲ ಇಂಡೋ-ಯುರೋಪಿಯನ್. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲದರ ಮುತ್ತಜ್ಜಿ ಅಂತ ವಿದ್ವಾಂಸರು ಊಹಿಸಿ ಕಟ್ಟಿದ ಭಾಷೆ. ಡೇವಿಡ್ ಒಪ್ಪಿಸೋ ಪಾಠವೂ ನಿಜವಾದದ್ದು, ಆಗಸ್ಟ್ ಶ್ಲೈಖರ್ ಅನ್ನೋ ಜರ್ಮನ್ ವಿದ್ವಾಂಸ 1868ರಲ್ಲಿ ಆ ಭಾಷೆಯಲ್ಲಿ ಬರೆದ ಕುರಿ-ಕುದುರೆಗಳ ಪುಟ್ಟ ಕಥೆ. ಇಷ್ಟು ಹೋಮ್‌ವರ್ಕ್ ಮಾಡಿದ್ದಕ್ಕೆ ಚಪ್ಪಾಳೆ. ಆದರೆ ಆ ಭಾಷೆಯ ವಯಸ್ಸು ಸುಮಾರು ಆರು ಸಾವಿರ ವರ್ಷ. ಸ್ಕೈ ದ್ವೀಪದ ಚಿತ್ರಕ್ಕೆ 35,000 ವರ್ಷ. ಸಿನಿಮಾದಲ್ಲಿ ನಕ್ಷತ್ರಚಿತ್ರ ಸಿಕ್ಕಿತು ಅಂತ ಹೆಸರಿಸೋ ನಾಗರಿಕತೆಗಳು ಯಾವುವು? ಈಜಿಪ್ಟ್, ಮಾಯಾ, ಸುಮೇರಿಯಾ, ಬ್ಯಾಬಿಲೋನಿಯಾ, ಹವಾಯಿ. ಇವರಲ್ಲಿ ಒಬ್ಬರ ಭಾಷೆಯೂ ಇಂಡೋ-ಯುರೋಪಿಯನ್ ಅಲ್ಲ! ಎಂಜಿನಿಯರ್‌ಗಳ ಜೊತೆ ಮಾತಾಡೋಕೆ ಮನುಷ್ಯನ ಅತ್ಯಂತ ಹಳೆಯ ಭಾಷೆ ಬೇಕು ಅಂತ ಹೊರಟವರಿಗೆ ಸಿಕ್ಕಿದ್ದು ಇಂಗ್ಲಿಷಿನ ಮುತ್ತಜ್ಜಿ. ಕನ್ನಡ, ತಮಿಳು, ತೆಲುಗು, ತುಳು ಆಡೋ ನಾವು ದ್ರಾವಿಡ ಮನೆಯವರು, ಆ ಅಜ್ಜಿ ನಮ್ಮವಳಲ್ಲ. ನಮ್ಮನ್ನ ಸೃಷ್ಟಿ ಮಾಡಿದವರು ಬೇರೆ ಎಂಜಿನಿಯರ್‌ಗಳೋ ಏನೋ. ಇದು ಬಾಯ್ತಪ್ಪಲ್ಲ. "ಎಲ್ಲರ ಮೂಲ" ಅಂದಾಗ ಆ "ಎಲ್ಲರಲ್ಲಿ" ಯಾರ್ಯಾರಿದಾರೆ ಅಂತ ಸಿನಿಮಾ ಕೇಳ್ಕೊಳ್ಳಲಿಲ್ಲ. ಮತ್ತೆ ಅದೇ ಕಾಯಿಲೆ, ಕೇಳದ ಪ್ರಶ್ನೆ.

"ಆದರೆ ಅದು ಮಿಸ್ಟರಿ ಕಣೋ. ಎಲ್ಲ ಹೇಳ್ಬಿಟ್ರೆ ಮಜಾ ಏನು?" ಇದು ನನ್ನ ರೂಮ್‌ಮೇಟಿನ ವಾದ. ಅವನೊಬ್ಬನದೇ ಅಲ್ಲ, ಈ ಸಿನಿಮಾ ಇಷ್ಟಪಡೋ ತುಂಬ ಜನರ ವಾದ. ಜಾನ್ ಸ್ಪೈಟ್ಸ್ ಬರೆದಿದ್ದ ಚಿತ್ರಕಥೆಯನ್ನ ಆಮೇಲೆ ತಿದ್ದಿ ಬರೆದವನು 'ಲಾಸ್ಟ್' ಧಾರಾವಾಹಿಯ ಡೇಮನ್ ಲಿಂಡೆಲಾಫ್ ಅನ್ನೋದೂ ಈ ವಾದಕ್ಕೆ ಸೇರ್ಕೊಳ್ಳುತ್ತೆ. ಪ್ರಶ್ನೆ ಬಿಟ್ಟು ಹೋಗೋದೇ ಅವನ ಶೈಲಿಯಂತೆ. ನನ್ನ ಕಸುಬಿನವರಿಗೆ ಈ ಮಾತು ಎಲ್ಲೋ ಕೇಳಿದ ಹಾಗಿರುತ್ತೆ. ಬಗ್ ಹಾಕಿದ್ರೆ ಡೆವಲಪರ್ ಕಡೆಯಿಂದ ಒಂದು ಉತ್ತರ ಬರುತ್ತೆ: "ಅದು ಹಾಗೇ ಇರಬೇಕಾದ್ದು." ಕೆಲವು ಸಲ ಅದು ನಿಜ ಕೂಡ. ನಿಜವೋ ಸುಳ್ಳೋ ಅಂತ ತಿಳಿಯೋಕೆ ಒಂದೇ ದಾರಿ, ಮುಂದಿನ ಪ್ರಶ್ನೆ ಕೇಳೋದು. "ಹೌದಾ, ಹಾಗಾದ್ರೆ ಯಾಕೆ ಹಾಗಿರಬೇಕು?" ಯೋಚಿಸಿ ಮಾಡಿದವನು ಎರಡು ನಿಮಿಷದಲ್ಲಿ ವಿವರಿಸ್ತಾನೆ. ಯೋಚಿಸದವನು ಮೀಟಿಂಗ್ ಇದೆ ಅಂತ ಎದ್ದು ಹೋಗ್ತಾನೆ.

ಕಪ್ಪು ದ್ರವಕ್ಕೆ ಆ ಪ್ರಶ್ನೆ ಕೇಳಿ ನೋಡಿ. ಎಂಜಿನಿಯರ್ ಕುಡಿದ್ರೆ ಕರಗಿ ಹೊಸ ಜೀವಕ್ಕೆ ಬೀಜ ಆಗ್ತಾನೆ. ಹುಳಕ್ಕೆ ತಾಗಿದ್ರೆ ಹಾವಾಗುತ್ತೆ. ಹಾಲೊವೇ ಕುಡಿದ್ರೆ ಕೊಳೆಯೋಕೆ ಶುರುಮಾಡ್ತಾನೆ. ಫೈಫೀಲ್ಡ್ ಮುಖಕ್ಕೆ ತಾಗಿದ್ರೆ ಅವನು ರಾಕ್ಷಸನಾಗಿ ಎದ್ದು ಬರ್ತಾನೆ. ಹಾಲೊವೇ ಜೊತೆ ಮಲಗಿದ ಶಾಳ ಹೊಟ್ಟೇಲಿ ಆಕ್ಟೋಪಸ್ ಬೆಳೆಯುತ್ತೆ. ಹಾಗಾದ್ರೆ ಇದು ಮಾಡೋದೇನು? ಆ ದೃಶ್ಯಕ್ಕೆ ಏನು ಬೇಕೋ ಅದನ್ನ. ಒಗಟು ಹೇಳೋ ಅಜ್ಜಿಗೆ ಉತ್ತರ ಗೊತ್ತಿರುತ್ತೆ, ಅದಕ್ಕೇ ಮಕ್ಕಳು ರಾತ್ರಿಯಿಡೀ ತಲೆ ಕೆಡಿಸ್ಕೋತಾರೆ. ಅಜ್ಜಿಗೇ ಗೊತ್ತಿಲ್ಲ ಅಂತ ಒಂದ್ಸಲ ಅನುಮಾನ ಬಂದ್ರೆ ಮಕ್ಕಳು ಎದ್ದು ಆಟಕ್ಕೆ ಹೋಗ್ತಾರೆ.

ಬೇಜಾರಿನ ವಿಷಯ ಏನಂದ್ರೆ, ಈ ಸಿನಿಮಾದೊಳಗೆ ನಿಜವಾದ ಒಗಟುಗಳೂ ಇದ್ದವು. ನಮ್ಮನ್ನ ಸೃಷ್ಟಿ ಮಾಡಿದವರೇ ನಮ್ಮನ್ನ ಕೊಲ್ಲೋಕೆ ಯಾಕೆ ತೀರ್ಮಾನಿಸಿದ್ರು? ಇದನ್ನ ಶಾ ಕೇಳ್ತಾಳೆ, ಕೊನೆಯಲ್ಲಿ ಅದನ್ನೇ ಕೇಳೋಕೆ ಇನ್ನೊಂದು ಹಡಗು ಹತ್ತಿ, ರುಂಡ ಮಾತ್ರ ಮಾತಾಡೋ ಡೇವಿಡ್‌ನ ಚೀಲದಲ್ಲಿ ಹಾಕ್ಕೊಂಡು ಹೊರಡ್ತಾಳೆ. ಡೇವಿಡ್ ಮತ್ತು ಹಾಲೊವೇ ಮಾತಾಡೋ ದೃಶ್ಯ ಇನ್ನೊಂದು. ನನ್ನನ್ನ ಯಾಕೆ ಮಾಡಿದ್ರಿ ಅಂತ ರೋಬೋ ಕೇಳುತ್ತೆ. ಮಾಡೋಕಾಯ್ತು, ಮಾಡಿದ್ವಿ ಅಂತ ಮನುಷ್ಯ ಉಡಾಫೆಯಿಂದ ಹೇಳ್ತಾನೆ. ಇದೇ ಉತ್ತರ ನಿನ್ನ ಸೃಷ್ಟಿಕರ್ತನಿಂದ ನಿನಗೆ ಬಂದ್ರೆ ಹೇಗಿರುತ್ತೆ ಅಂತ ರೋಬೋ ತಣ್ಣಗೆ ಕೇಳುತ್ತೆ. ಮೈಕಲ್ ಫಾಸ್‌ಬೆಂಡರ್ ಆ ಮಾತನ್ನ ಹೇಳೋ ರೀತಿಗೆ ಟಿಕೆಟ್ಟಿನ ದುಡ್ಡು ವಸೂಲು. ಇಡೀ ಸಿನಿಮಾದಲ್ಲಿ ನೆಟ್ಟಗೆ ಪ್ರಶ್ನೆ ಕೇಳೋದು ಆ ರೋಬೋ ಒಂದೇ.

ನಿದ್ದೆಯಿಂದ ಎದ್ದ ಎಂಜಿನಿಯರ್‌ಗೆ ಡೇವಿಡ್ ಅವನ ಭಾಷೆಯಲ್ಲಿ ಏನೋ ಹೇಳ್ತಾನೆ. ಸಬ್‌ಟೈಟಲ್ ಇಲ್ಲ. ಎಂಜಿನಿಯರ್ ಅವನ ತಲೆ ನೇವರಿಸಿ, ಮರುಕ್ಷಣ ಕಿತ್ತೇ ಹಾಕ್ತಾನೆ. ಏನು ಹೇಳಿದ? ಈ ದೃಶ್ಯದ ಉದ್ದನೆಯ ರೂಪವೊಂದು ಬ್ಲೂ-ರೇಯಲ್ಲಿದೆ, ಅದರಲ್ಲಿ ಎಂಜಿನಿಯರ್ ತಿರುಗಿ ಮಾತಾಡ್ತಾನೆ. ಥಿಯೇಟರಿಗೆ ಬಂದ ಪ್ರತಿಯಲ್ಲಿ ಅದು ಕತ್ತರಿಗೆ ಸಿಕ್ಕಿತ್ತು. ನನಗೆ ಕತ್ತರಿ ಹಾಕಿದ್ದೇ ಸರಿ ಅನ್ಸುತ್ತೆ. ಇಲ್ಲಿ ಮೌನಕ್ಕೆ ಒಂದು ತೂಕ ಇದೆ, ಯಾಕೆಂದ್ರೆ ಉತ್ತರಕ್ಕಾಗಿ ಕಾಯ್ತಿರೋ ಮನುಷ್ಯರು ಪರದೆ ಮೇಲೆ ನಿಂತಿದಾರೆ. ಅವರ ಜೊತೆ ನಾವೂ ಕಾಯ್ತೀವಿ.

2017ರಲ್ಲಿ ಮುಂದಿನ ಭಾಗ 'ಏಲಿಯನ್: ಕವನೆಂಟ್' ಬಂತು. ಅಷ್ಟರಲ್ಲಿ ರೂಮ್‌ಮೇಟಿಗೆ ಮದುವೆಯಾಗಿ, ಊರಾಚೆ ಫ್ಲ್ಯಾಟ್ ಆಗಿ, ನಾವು ಸಿಗೋದೇ ಅಪರೂಪವಾಗಿತ್ತು. ಅವನೇ ಫೋನ್ ಮಾಡಿದ. "ಬರ್ತೀಯೇನೋ? ಆ ಹುಡುಗಿ ಏನಾದ್ಲು ಅಂತ ನೋಡೋಣ." ಐದು ವರ್ಷದಿಂದ ಅವನೂ ಆ ಪ್ರಶ್ನೆಯನ್ನ ಜೇಬಲ್ಲಿಟ್ಕೊಂಡು ಓಡಾಡ್ತಿದ್ದ ಅಂತ ನನಗೆ ಗೊತ್ತಾಗಿದ್ದು ಅವಾಗ. ತಲೆ ಮನೇಲಿಟ್ಟು ಸಿನಿಮಾ ನೋಡೋನು!

ಹೋದ್ವಿ. ಉತ್ತರ ಸಿಕ್ಕಿತು. ಶಾ ಕಥೆ ಶುರುವಾಗೋ ಮುಂಚೆಯೇ ಸತ್ತಿದ್ಲು. ಡೇವಿಡ್ ಅವಳನ್ನ ತನ್ನ ಪ್ರಯೋಗಕ್ಕೆ ಬಳಸಿಕೊಂಡಿದ್ದ. ಎಂಜಿನಿಯರ್‌ಗಳು ತುಂಬಿ ನಿಂತಿದ್ದ ಊರಿನ ಮೇಲೆ ಅದೇ ಕಪ್ಪು ದ್ರವ ಸುರಿದು ಅವರನ್ನೆಲ್ಲ ಕೊಂದಿದ್ದ. ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರೂ ಹೋದರು, ಕೇಳಬೇಕಾದವಳೂ ಹೋದಳು. ಎಲ್ಲ ಕೆಲವೇ ನಿಮಿಷದ ಫ್ಲ್ಯಾಶ್‌ಬ್ಯಾಕಿನಲ್ಲಿ. ಅದೂ ತುಂಬ ಚೆನ್ನಾಗಿ ಕಾಣ್ತಿತ್ತು.

ಪಾರ್ಕಿಂಗಿನಲ್ಲಿ ಅವನು ಗಾಡಿ ಕೀ ತಿರುಗಿಸ್ತಾ ಸುಮ್ನೆ ನಿಂತಿದ್ದ. ವಿಶುವಲ್ಸ್ ಬಗ್ಗೆ ಒಂದು ಮಾತೂ ಇಲ್ಲ. ಆಮೇಲೆ ಹೇಳಿದ, "ಇದಕ್ಕಿಂತ ಹೇಳ್ದೇನೇ ಇರ್ಬೋದಿತ್ತು ಕಣೋ. ಅವಳು ಕೇಳಿದ್ದು ಏನು, ಇವರು ಹೇಳಿದ್ದು ಏನು?"

ನಾನು ಏನೂ ಅನ್ನಲಿಲ್ಲ. ಮೊದಲ ಸಲ ಬಗ್ ಹಾಕಿದವರಿಗೆ ಬುದ್ಧಿ ಹೇಳಬಾರದು. ಹತ್ತಿರದಲ್ಲಿ ತೆರೆದಿದ್ದ ಒಂದೇ ಗಾಡಿ ಅಂಗಡಿಯಲ್ಲಿ ಎರಡು ಟೀ ಹೇಳಿದೆ, ಒಂದು ಗಂಟೆಯವರೆಗೂ ಅವನೇ ಕೇಳ್ತಾ ಹೋದ.